ನಿಂತದ್ದು ಯಾವುದು?

ಮಿಕ್ಸರ್ ಬಂದ್ ಮಾಡಿ, ಪ್ಲಗ್ಗನ್ನೂ ಕಿತ್ತು, ಆ ವೈರಿನ ತುದಿಯನ್ನು ಎಡಗೈಯಲ್ಲಿ ಹಾವಿನ ತಲೆಯಂತೆ ಹಿಡಿದುಕೊಂಡು ಬಲಗೈಯಿಂದ ಮುಚ್ಚಳ ತೆಗೆಯುವ ಹೆಂಗಸನ್ನು ನೋಡಬೇಕಿದ್ದರೆ ನಮ್ಮ ಮನೆಗೆ ಬನ್ನಿ. ಒಂದು ಶೇಂಗಾ ಹಿಂಡಿ ಮಾಡುವಷ್ಟರಲ್ಲಿ ನಾಲ್ಕು ಸಲ ಈ ಪ್ರದರ್ಶನ ನಡೆಯುತ್ತದೆ. ಫ್ಯಾನ್ ನಿಂತಿದೆ ಎಂದು ಯಾರಾದರೂ ಹೇಳಿದರೆ ನಾನು ತಲೆಯೆತ್ತಿ ಅದರ ರೆಕ್ಕೆಗಳನ್ನು ಎಣಿಸುತ್ತೇನೆ. ಮೂರೂ ಬೇರೆ ಬೇರೆಯಾಗಿ ಕಂಡರೆ ಮಾತ್ರ ಒಪ್ಪುತ್ತೇನೆ. "ಮಳಿ ನಿಂತದ, ನಡಿ" ಎಂದು ನಮ್ಮ ಮನೆಯವರು ಚಪ್ಪಲಿ ಮೆಟ್ಟಿಕೊಂಡರೆ, ಕಿಟಕಿಯಿಂದ ಕೈ ಹೊರಗೆ ಚಾಚಿ ಸ್ವಲ್ಪ ಹೊತ್ತು ಕಾಯುತ್ತೇನೆ.

"ನನ್ನ ಮಾತಿನ ಮ್ಯಾಲ ಇಷ್ಟೂ ನಂಬಿಕಿ ಇಲ್ಲೇನು ನಿನಗ?" ಎಂದು ಅವರು ಒಮ್ಮೆ ಕೇಳಿದರು.

"ನಿಮ್ಮ ಮ್ಯಾಲ ಅದರೀ. ಆ ಶಬ್ದದ ಮ್ಯಾಲ ಇಲ್ಲ."

'ನಿಂತದ' ಎಂಬುದು ನಮ್ಮ ಕಡೆಯ ಮಾತು. ಪುಸ್ತಕದ ಕನ್ನಡದಲ್ಲಿ 'ನಿಂತಿದೆ' ಅನ್ನುತ್ತಾರೆ. ಎರಡರಲ್ಲೂ ಒಂದೇ ದೋಷ. ಯಾರು ನಿಲ್ಲಿಸಿದರು, ಯಾವಾಗ ನಿಲ್ಲಿಸಿದರು, ಹೇಳುವವರು ಕಣ್ಣಾರೆ ಕಂಡು ಹೇಳುತ್ತಿದ್ದಾರೋ ಅಂದಾಜಿನ ಮೇಲೆ ಹೇಳುತ್ತಿದ್ದಾರೋ, ಒಂದನ್ನೂ ಆ ಶಬ್ದ ಬಿಟ್ಟುಕೊಡುವುದಿಲ್ಲ. ಇಷ್ಟು ಸಣ್ಣ ಶಬ್ದದ ಮೇಲೆ ಒಬ್ಬ ಮನುಷ್ಯನ ಬಲಗೈ ತೂಗಾಡಿದ್ದನ್ನು ನಾನು ನೋಡಿದ್ದೇನೆ. ನೋಡಿದ್ದೇನೆ ಅನ್ನುವುದೂ ಅರ್ಧ ಸತ್ಯವೇ. ಆ ಶಬ್ದವನ್ನು ಆಡಿದವಳು ನಾನೇ.

ನಾನು ಕಲಬುರಗಿಯ ಹೊರಗಿನ ಒಂದು ತೊಗರಿಬೇಳೆ ಮಿಲ್ಲಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತೇನೆ. ಬಿ.ಇ. ಓದಿದ್ದೂ ಇದೇ ಊರಿನಲ್ಲಿ. ಮದುವೆಮನೆಗಳಲ್ಲಿ ನೆಂಟರು "ಯಾವ ಕಂಪನಿ?" ಎಂದು ಕೇಳುತ್ತಾರೆ. "ಬ್ಯಾಳಿ ಮಿಲ್ಲು" ಎಂದರೆ ಬಡಿಸುವವರನ್ನು ಕರೆದು ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿಸುತ್ತಾರೆ. ನನಗೇನೂ ಬೇಸರವಿಲ್ಲ, ಹೋಳಿಗೆ ತಿನ್ನುತ್ತೇನೆ.

ಮಿಲ್ಲಿನ ಮೋಟಾರುಗಳನ್ನೆಲ್ಲ ಮೇಲಿನ ಆಫೀಸಿನಿಂದಲೇ ಚಾಲೂ ಮಾಡುವ, ನಿಲ್ಲಿಸುವ ಪ್ರೋಗ್ರಾಮು ಬರೆದವಳು ನಾನು. ಪರದೆಯ ಮೇಲೆ ಇಡೀ ಮಿಲ್ಲಿನ ಚಿತ್ರವಿದೆ. ಕೆಳಗೆ ಯಂತ್ರ ಓಡುತ್ತಿದ್ದರೆ ಚಿತ್ರದಲ್ಲೂ ಓಡುತ್ತದೆ. ನೆಲದ ಗುಂಡಿಯಿಂದ ತೊಗರಿಯನ್ನು ಮೇಲಕ್ಕೆ ಹೊತ್ತೊಯ್ಯುವ ಎಲಿವೇಟರ್ ಎಂಬ ಯಂತ್ರವಿದೆ. ಉದ್ದನೆಯ ಪಟ್ಟಿಗೆ ಸಾಲಾಗಿ ಕಬ್ಬಿಣದ ಬಕೆಟ್ಟುಗಳು. ಚಿತ್ರದಲ್ಲಿ ಆ ಬಕೆಟ್ಟುಗಳನ್ನು ಹಳದಿ ಬಣ್ಣದಲ್ಲಿ ಒಂದೊಂದಾಗಿ ಮೇಲೇರುವಂತೆ ಮಾಡಲು ಎರಡು ದಿನ ತೆಗೆದುಕೊಂಡಿದ್ದೆ. ಮಾಲಕರಿಗೆ ಅದೇ ಎಲ್ಲಕ್ಕಿಂತ ಹಿಡಿಸಿತು. ಬಂದವರಿಗೆಲ್ಲ ತೋರಿಸುತ್ತಿದ್ದರು. ಆ ಬಕೆಟ್ಟುಗಳೇ ನನಗೆ ಮೋಸ ಮಾಡಿದ್ದು.

ಮೋಸದ ಕತೆಗೆ ಮೊದಲು ಸ್ವಲ್ಪ ಕಸದ ವಿಚಾರ ಹೇಳಬೇಕು. ಈ ಪ್ರೋಗ್ರಾಮು ಬರೆದದ್ದು ಜಾವಾ ಎಂಬ ಭಾಷೆಯಲ್ಲಿ. ಗಾಬರಿಯಾಗಬೇಡಿ, ಮನೆಯ ಹೊಸ್ತಿಲು ದಾಟಿಸುವುದಿಲ್ಲ. ಆ ಭಾಷೆಯ ಪ್ರೋಗ್ರಾಮುಗಳು ನೇರವಾಗಿ ಕಂಪ್ಯೂಟರಿನ ಮೇಲೆ ಓಡುವುದಿಲ್ಲ. ಅದರೊಳಗೆ ಕಾಣದ ಇನ್ನೊಂದು ಯಂತ್ರವನ್ನು ಕಟ್ಟಿಕೊಂಡು, ಅಲ್ಲಿ ಸಂಸಾರ ಹೂಡುತ್ತವೆ. ಸಂಸಾರ ಎಂದ ಮೇಲೆ ಸಾಮಾನು ಹರಡುತ್ತದೆ. ಬಳಸಿ ಬಿಟ್ಟ ಸಾಮಾನನ್ನು ಹೊರಹಾಕಿ ಜಾಗ ಮಾಡಲು ಆ ಯಂತ್ರ ತನ್ನೊಳಗೇ ಒಬ್ಬಳನ್ನು ಇಟ್ಟುಕೊಂಡಿದೆ. ಕಸ ಹೊಡೆಯುವವಳು ಅನ್ನೋಣ. ಅವಳು ಹೇಗೆ ಕೆಲಸ ಮಾಡಬೇಕು, ಎಷ್ಟು ಹೊತ್ತಿಗೊಮ್ಮೆ ಮಾಡಬೇಕು, ಮನೆ ಎಷ್ಟು ದೊಡ್ಡದಿರಬೇಕು ಎಂದು ನಾವು ಮೊದಲೇ ಬರೆದಿಡಬಹುದು. ಆ ಬರಹಕ್ಕೆ ಸೆಟ್ಟಿಂಗ್ ಎನ್ನುತ್ತಾರೆ.

ನಾನು ಚಿಕ್ಕವಳಿದ್ದಾಗ ನಮ್ಮ ಮನೆ ಕಲಬುರಗಿಯ ಐವಾನ್-ಎ-ಶಾಹಿ ಕಡೆಯ ಒಂದು ಸರಕಾರಿ ಕ್ವಾರ್ಟರ್ಸ್‌ನಲ್ಲಿತ್ತು. ಅವ್ವ ಕಸಬರಿಗೆ ಹಿಡಿದಳೆಂದರೆ ಇಡೀ ಮನೆ ನಿಲ್ಲುತ್ತಿತ್ತು. "ಕಾಲೆತ್ರಿ! ಇದ್ದಲ್ಲೇ ಇರ್ರಿ, ಯಾರೂ ಅಲಗಾಡಬ್ಯಾಡ್ರಿ!" ನಾನು ಹೊರಸಿನ ಮೇಲೆ ಮೊಣಕಾಲು ಅಪ್ಪಿಕೊಂಡು ಕೂರುತ್ತಿದ್ದೆ. ಅಪ್ಪ ಕನ್ನಡಿಯ ಮುಂದೆ ಅರ್ಧ ಗಲ್ಲಕ್ಕೆ ನೊರೆ ಹಚ್ಚಿಕೊಂಡು, ಬ್ರಷ್ ಹಿಡಿದ ಕೈಯನ್ನು ಗಾಳಿಯಲ್ಲೇ ಬಿಟ್ಟು ನಿಲ್ಲುತ್ತಿದ್ದರು. ಅವ್ವ ನೆಲದಿಂದ ಒಂದೊಂದೇ ಸಾಮಾನು ಎತ್ತಿ ಹಿಡಿದು "ಯಾರದಿದು?" ಎಂದು ಕೂಗುವಳು. "ನಂದು" ಎಂದು ಯಾರಾದರೂ ಅಂದರೆ ಅದು ಉಳಿಯಿತು. ಯಾರೂ ಅನ್ನದಿದ್ದರೆ ಹೊರಗೆ. ಎಂಟನೇ ಸೆಮಿಸ್ಟರಿನಲ್ಲಿ ಜಾವಾ ಯಂತ್ರ ಕಸವನ್ನು ಗುರುತಿಸುವ ಬಗೆಯನ್ನು ಮೇಷ್ಟ್ರು ಬೋರ್ಡಿನ ಮೇಲೆ ಬಾಣ ಹಾಕಿ ವಿವರಿಸಿದಾಗ ನನಗೆ ನಗು ತಡೆಯಲಾಗಲಿಲ್ಲ. ಯಾರೂ ಕೈಯಲ್ಲಿ ಹಿಡಿದಿಲ್ಲದ ವಸ್ತುವೇ ಕಸ. ಅಷ್ಟೇ. ಅವ್ವನ 'ಯಾರದಿದು?'

ಈ ಪದ್ಧತಿಗೆ ಒಂದೇ ಅಡಚಣೆ ನಮ್ಮಪ್ಪ. ಸೆಲ್ ಇಲ್ಲದ ಬ್ಯಾಟರಿ, ಒಂದೇ ಕಡ್ಡಿಯ ಚಾಳೀಸು, ಯಾವ ಬೀಗದ್ದೋ ತಿಳಿಯದ ಚಾವಿ, ಎಲ್ಲಕ್ಕೂ ಅವರ ಉತ್ತರ "ಇರಲಿ." "ಇವರು 'ಇರಲಿ' ಅನ್ನೂತನಕ ಈ ಮನ್ಯಾಗ ಕಸಾನೇ ಇಲ್ಲ ಬಿಡ್ರಿ" ಎಂದು ಅವ್ವ ಕಸಬರಿಗೆ ಕೆಳಗಿಡುತ್ತಿದ್ದಳು.

ಪಕ್ಕದ ಕ್ವಾರ್ಟರ್ಸ್‌ನಲ್ಲಿದ್ದ ನಮ್ಮ ಕಾಕು, ಅಂದರೆ ಚಿಕ್ಕಮ್ಮ, ಇದಕ್ಕೆ ಪೂರಾ ಉಲ್ಟಾ. ಅವರು ಯಾರನ್ನೂ ನಿಲ್ಲಿಸುತ್ತಿರಲಿಲ್ಲ. ಮಾತಾಡುತ್ತ, ನಡುನಡುವೆ ಒಗ್ಗರಣೆ ಹಾಕುತ್ತ, ದಿನವಿಡೀ ಒಂದೊಂದು ಮೂಲೆ ಗುಡಿಸುತ್ತಲೇ ಇರುತ್ತಿದ್ದರು. ಬಂದವರು ಯಾವಾಗಲೋ ಒಮ್ಮೆ ಒಂದು ಕಾಲು ಎತ್ತಿದರೆ ಸಾಕು. ಅವ್ವನ ಮನೆ ಚೊಕ್ಕ, ಕಾಕುವಿನದು ಸೋಮಾರಿತನ ಎಂದೇ ನಾನು ತಿಳಿದಿದ್ದೆ. ಕಂಪ್ಯೂಟರಿನವರೂ ಈ ಎರಡು ಪದ್ಧತಿಗಳ ಬಗ್ಗೆ ವರ್ಷಾನುಗಟ್ಟಲೆ ಜಗಳಾಡಿದ್ದಾರೆಂದು ಆಮೇಲೆ ತಿಳಿಯಿತು.

ಇನ್ನು ಮಿಲ್ಲಿಗೆ ಬರೋಣ. ನಮ್ಮ ಮಾಲಕರಿಗೂ ಅಪ್ಪನ ಗುಣವೇ. ಪ್ರತಿ ಮೋಟಾರು ಪ್ರತಿ ಸೆಕೆಂಡಿಗೆ ಎಷ್ಟು ಬಿಸಿಯಾಗಿತ್ತು ಎಂಬ ವಿವರವನ್ನು ಯಾವಾಗ ಅಳಿಸಲಿ ಎಂದು ಕೇಳಿದೆ. "ಏನೂ ಒಗೀಬ್ಯಾಡ್ರಿ ಮೇಡಂ. ಎಲ್ಲಾ ಇರಲಿ." ನಾನೂ ಇಟ್ಟೆ, ಅದೂ ಕಾಣದ ಯಂತ್ರದ ಕೈಯಲ್ಲೇ. ಕೆಲವು ತಿಂಗಳಿಗೆ ಪ್ರೋಗ್ರಾಮು ಏದುಸಿರು ಬಿಡತೊಡಗಿತು. ಮಾಲಕರು ಕಂಪ್ಯೂಟರಿಗೆ ಹೊಸ ಮೆಮರಿ ಹಾಕಿಸಿದರು. ಸಾಮಾನು ಹರಡುವ ಜಾಗಕ್ಕೆ ಇಂಗ್ಲಿಷಿನಲ್ಲಿ ಹೀಪ್ ಎನ್ನುತ್ತಾರೆ, ಅಂದರೆ ರಾಶಿ, ಅದನ್ನು ಎಷ್ಟು ದೊಡ್ಡದು ಮಾಡಲಿ ಎಂದು ಕೇಳಿದೆ.

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. "ರಾಶಿ ದೊಡ್ಡದಾದ್ರ ಬ್ಯಾಡ ಅನ್ನೋರು ಯಾರ ಅದಾರ್ರೀ?"

ತೊಗರಿಯ ನಾಡಿನಲ್ಲಿ ಹುಟ್ಟಿದವರಿಗೆ ರಾಶಿ ಎಂದರೆ ಕಣದ ಮೇಲಿನ ಧಾನ್ಯದ ಗುಡ್ಡ. ಅದು ದೊಡ್ಡದಿದ್ದಷ್ಟೂ ಒಳ್ಳೆಯದು. ಅದರಲ್ಲಿ ಯೋಚಿಸಲು ಏನೂ ಇಲ್ಲ. ನಾನೂ ಇಲ್ಲಿಯವಳೇ. ಸೆಟ್ಟಿಂಗಿನಲ್ಲಿ ಇದ್ದಬದ್ದ ಮೆಮರಿಯನ್ನೆಲ್ಲ ರಾಶಿಗೇ ಬರೆದೆ. ಮನೆ ದೊಡ್ಡದಾದಷ್ಟೂ ಕಸ ಹೊಡೆಯುವ ಹೊತ್ತು ಹೆಚ್ಚು, ಅಷ್ಟು ಹೊತ್ತೂ ಎಲ್ಲರೂ ಕಾಲೆತ್ತಿ ಕೂರಬೇಕು ಎಂಬ ಸಣ್ಣ ವಿಚಾರ ಹೊಳೆಯಲಿಲ್ಲ. ಹಳೆಯ ಸೆಟ್ಟಿಂಗಿನಲ್ಲಿ ಕಸಬರಿಗೆ ಹಿಡಿದಿದ್ದವಳು ಕಾಕು ಅಲ್ಲ, ಅವ್ವ.

ಅದೇ ವಾರ, ಮಧ್ಯಾಹ್ನದ ಊಟ ಮುಗಿದ ಹೊತ್ತು. ಎಲಿವೇಟರಿನ ಬುಡದಲ್ಲಿ ಗೋಣಿಚೀಲದ ಸುತಳಿ ಸಿಕ್ಕಿಕೊಂಡಿತು. ಅಂಥದ್ದನ್ನು ಬಿಡಿಸುವವರು ಮಹಬೂಬ್ ಚಾಚಾ, ನಮ್ಮ ಮಿಲ್ಲಿನ ಮೇಸ್ತ್ರಿ. ದಿನಾ ಕಮಲಾಪುರದಿಂದ ಬಸ್ಸಿಗೆ ಬರುತ್ತಾರೆ. ಎಲಿವೇಟರಿನ ಬುಡದಲ್ಲಿ ತಗಡಿನ ಒಂದು ಸಣ್ಣ ಬಾಗಿಲಿದೆ. ಅದನ್ನು ಎತ್ತಿ, ಒಳಗಿನ ಕತ್ತಲೆಗೆ ಕೈ ಹಾಕಿ ಎಳೆಯಬೇಕು. ಕೈ ಹಾಕುವ ಮೊದಲು "ನಿಂತದೇನು?" ಎಂದು ಕೂಗಿ ಕೇಳಬೇಕು, ಪಕ್ಕದ ಗೋಡೆಯ ಸ್ವಿಚ್ಚಿನ ಹತ್ತಿರ ನಿಂತವನು "ನಿಂತದ" ಎಂದು ಕೂಗಿ ಹೇಳಬೇಕು. ಮಿಲ್ಲಿನಲ್ಲಿ ಇದು ಬಹಳ ಹಳೆಯ ಪದ್ಧತಿ. ನನ್ನ ಪ್ರೋಗ್ರಾಮು ಬಂದ ಮೇಲೆ ಸ್ವಿಚ್ಚಿನ ಹತ್ತಿರ ಯಾರೂ ನಿಲ್ಲುತ್ತಿರಲಿಲ್ಲ. ಉತ್ತರ ಹೇಳುವ ಕೆಲಸ ಮಹಡಿ ಹತ್ತಿ ನನ್ನ ಕುರ್ಚಿಗೆ ಬಂದಿತ್ತು.

"ಮೇಡಂರೀ, ಐದು ನಂಬರ್ ಎಲಿವೇಟರ್ ನಿಲ್ಲಸ್ರಿ" ಎಂದು ಕೆಳಗಿನ ಮೈಕಿನಿಂದ ನನ್ನ ಮೇಜಿನ ಸ್ಪೀಕರಿನಲ್ಲಿ ಅವರ ದನಿ ಬಂತು. ನಾನು ಪರದೆಯ ಗುಂಡಿ ಒತ್ತಿದೆ. ಹಳದಿ ಬಕೆಟ್ಟುಗಳು ಆ ಕ್ಷಣವೇ ನಿಂತವು. ಎಷ್ಟು ಚೆನ್ನಾಗಿ ಮಾತು ಕೇಳುತ್ತದೆ ಎಂದು ಹೆಮ್ಮೆಯಾದದ್ದೂ ನೆನಪಿದೆ.

"ನಿಂತದೇನ್ರೀ?"

"ನಿಂತದ, ಚಾಚಾ!"

ಆಫೀಸಿನ ಗಾಜಿನಿಂದ ಅವರ ಬೆನ್ನು ಕಾಣುತ್ತಿತ್ತು. ಬಾಗಿಲು ಎತ್ತಿದರು. ಉಳಿದ ಯಂತ್ರಗಳ ಸದ್ದಿನಲ್ಲಿ ಇದೊಂದು ಓಡುತ್ತಿದೆಯೋ ಇಲ್ಲವೋ ಕಿವಿಗೆ ತಿಳಿಯುವುದಿಲ್ಲ. ಹೆಗಲ ಮೇಲಿನ ದಸ್ತಿಯನ್ನು, ಅಂದರೆ ಟವೆಲನ್ನು, ತೆಗೆದು ನೊಣ ಹೊಡೆಯುವವರ ಹಾಗೆ ಒಳಗೆ ಬೀಸಿದರು. ದಸ್ತಿ ಬೀಳಲಿಲ್ಲ. ಒಳಗಿನಿಂದ ಯಾರೋ ಕಿತ್ತುಕೊಂಡಂತೆ ಹೋಯಿತು. ಚಾಚಾ ಹಿಂದಕ್ಕೆ ನೆಲದ ಮೇಲೆ ಕುಳಿತುಬಿಟ್ಟರು.

ನಾನು ಪರದೆ ನೋಡಿದೆ. ಬಕೆಟ್ಟುಗಳು ನಿಂತೇ ಇದ್ದವು. ಕೆಳಗೆ ನೋಡಿದೆ. ತಗಡಿನ ಬಾಗಿಲು ಗಡಗಡ ನಡುಗುತ್ತಿತ್ತು. ಮತ್ತೆ ಪರದೆ ನೋಡಿದಾಗ ಬಕೆಟ್ಟುಗಳು ನಿದ್ದೆಯಿಂದ ಎದ್ದವರಂತೆ ಒಮ್ಮೆಲೇ ನಾಲ್ಕು ಮನೆ ಮುಂದೆ ಹಾರಿದವು. ಆಮೇಲೆ ಖರೇ ನಿಂತವು. ಕೆಳಗೂ ನಿಂತಿತು.

ಸ್ಪೀಕರಿನಲ್ಲಿ ಚಾಚಾನ ದನಿ ಬಂತು. ಸಿಟ್ಟಿರಲಿಲ್ಲ. ದಾರಿ ಕೇಳುವವರ ಹಾಗಿತ್ತು.

"ಮೇಡಂರೀ, ನಿಂತದ್ದು ಯಾವುದ್ರೀ?"

ನಿಂತದ್ದು ನನ್ನ ಪ್ರೋಗ್ರಾಮು. ನಾನು ಗುಂಡಿ ಒತ್ತುವುದಕ್ಕೂ ಅವ್ವ ಕಸಬರಿಗೆ ಹಿಡಿಯುವುದಕ್ಕೂ ಸರಿಹೋಗಿತ್ತು. ಚಿತ್ರ, ಗುಂಡಿ, ಮೋಟಾರಿಗೆ ಹೋಗಬೇಕಾದ ಆಜ್ಞೆ, ಎಲ್ಲವೂ ಕಾಲೆತ್ತಿ ಕುಳಿತಿದ್ದವು. ಎಷ್ಟು ಹೊತ್ತು ನಿಂತಿತ್ತೆಂದು ಆ ಕಾಣದ ಯಂತ್ರ ತಾನೇ ಒಂದು ಕಡತದಲ್ಲಿ ಬರೆದಿಟ್ಟಿರುತ್ತದೆ. ತೆರೆದು ನೋಡಿದೆ. ಹತ್ತೊಂಬತ್ತು ಸೆಕೆಂಡು. ಅದು ಎಷ್ಟು ಉದ್ದ ಎಂದು ತಿಳಿಯಬೇಕಿದ್ದರೆ ಬಾಯಲ್ಲಿ ಎಣಿಸಿ ನೋಡಿ. ನಾನು ಈಗಲೂ ಎಣಿಸುತ್ತೇನೆ, ಹಾಲು ಕಾಯಿಸುವಾಗ, ಸಿಟಿ ಬಸ್ಸು ಸಿಗ್ನಲ್ಲಿನಲ್ಲಿ ನಿಂತಾಗ. ನೆನಪಿನಲ್ಲಿ ಆ ದೃಶ್ಯ ಮತ್ತೆ ಓಡುತ್ತದೆ, ಆದರೆ ಚಾಚಾನ ಹೆಗಲ ಮೇಲೆ ದಸ್ತಿಯೇ ಇರುವುದಿಲ್ಲ. ಹನ್ನೊಂದು, ಹನ್ನೆರಡರ ಹೊತ್ತಿಗೆ ಬೇರೇನಾದರೂ ಕೆಲಸ ಹುಡುಕಿಕೊಳ್ಳುತ್ತೇನೆ.

ಮರುದಿನ ಮಾಲಕರಿಗೆ ಹೇಳಿದೆ, "ರಾಶಿ ಸಣ್ಣದು ಮಾಡ್ತೀನ್ರಿ."

ಅವರ ಮುಖ ಇಳಿಯಿತು. "ಸಣ್ಣದಾ? ಇಷ್ಟು ಮೆಮರಿ ಹಾಕ್ಸೀನಿ!"

"ಹೌದ್ರಿ, ಕಾಲು ಭಾಗಕ್ಕ ತರ್ತೀನಿ. ಹಳೇ ಬಿಸಿ ಲೆಕ್ಕ ಎಲ್ಲಾ ಡಿಸ್ಕಿಗೆ ಹೋಗ್ಲಿ. ಕೈಯಾಗ ಹಿಡ್ಕೊಂಡು ಕುಂದ್ರೂದು ಬ್ಯಾಡ."

"ಒಗಿಯೂದಿಲ್ಲಲ್ಲ?"

"ಒಗಿಯೂದಿಲ್ರಿ. ಅಟ್ಟಕ್ಕ ಹಾಕ್ತೀನಿ."

'ಅಟ್ಟ' ಎಂದ ಕೂಡಲೇ ಅವರಿಗೆ ಸಮಾಧಾನವಾಯಿತು.

ಮುಂದಿನ ಕೆಲವು ದಿನಗಳು, ಹೇಳಲು ನಾಚಿಕೆಯಾಗುತ್ತದೆ, ಬಹಳ ಸುಖದ ದಿನಗಳು. ಸೆಟ್ಟಿಂಗಿನಲ್ಲಿ ಒಂದೇ ಒಂದು ಶಬ್ದ ಬದಲಿಸಿ ಅವ್ವನನ್ನು ಕಳಿಸಿ ಕಾಕುವನ್ನು ಕರೆತಂದೆ. ಒಂದು ಸಲಕ್ಕೆ ಸೆಕೆಂಡಿನ ಐದನೇ ಒಂದು ಭಾಗಕ್ಕಿಂತ ಹೆಚ್ಚು ಯಾರನ್ನೂ ತಡೆಯಬಾರದು ಎಂದು ಅವರಿಗೆ ಬರೆದುಕೊಟ್ಟೆ. ರಾಶಿಯನ್ನು ಸ್ವಲ್ಪ ಹೆಚ್ಚಿಸಿ ನೋಡುವುದು, ಕಡಿಮೆ ಮಾಡಿ ನೋಡುವುದು, ಕಡತ ತೆರೆದು ಕೂರುವುದು. ತೀರ ಸಣ್ಣದಾದರೆ ಕಾಕು ಬೇರೆ ಕೆಲಸವನ್ನೇ ಮಾಡಗೊಡದೆ ಗುಡಿಸುತ್ತಲೇ ಇರುತ್ತಾರೆ. ತೀರ ದೊಡ್ಡದಾದರೆ ಮೂಲೆಗಳಿಗೆ ಹೋಗುವುದೇ ಇಲ್ಲ. ಅಡುಗೆಯಲ್ಲಿ ಉಪ್ಪಿನ ಹದ ನೋಡಿದಂತೆಯೇ. ಕಡತದ ಸಾಲುಗಳು ಒಂದರ ಕೆಳಗೊಂದು ಸಣ್ಣ ಸಣ್ಣ ಅಂಕಿಗಳಾಗಿ ಇಳಿದು ಬರುವುದನ್ನು ನೋಡುತ್ತ ಚಹಾ ಆರಿಸಿಕೊಂಡೆ.

ಆದರೂ ಒಂದು ವಿಚಾರ ಒಪ್ಪಿಕೊಳ್ಳಲೇಬೇಕಿತ್ತು. ಈ ಸೆಟ್ಟಿಂಗ್ ಎಂಬುದು ಆಜ್ಞೆಯಲ್ಲ, ವಿನಂತಿ. ಕಾಕು ಕೂಡ ಎಂದಾದರೂ ಒಂದು ದಿನ ಕೈಮೀರಿ, "ಎಲ್ಲಾರೂ ಕಾಲೆತ್ರಿ" ಎನ್ನಬಹುದು. ಹಾಗಾಗಿ ಪರದೆಯ ಮೂಲೆಯಲ್ಲಿ ಸೆಕೆಂಡಿನ ಮುಳ್ಳೊಂದನ್ನು ಇಟ್ಟೆ. ಅದು ನಿಂತರೆ ಪ್ರೋಗ್ರಾಮೇ ನಿಂತಿದೆ ಎಂದರ್ಥ, ಚಿತ್ರವನ್ನು ನಂಬಬಾರದು. ಎಲಿವೇಟರಿನ ಬುಡದಲ್ಲಿ ಕಂಪ್ಯೂಟರಿಗೆ ಸಂಬಂಧವೇ ಇಲ್ಲದ, ಬೀಗ ಹಾಕುವಂಥ ಸ್ವಿಚ್ಚು ಕೂರಿಸಿದೆವು. ಕೈಯಿಂದ ತಿರುಗಿಸಿ, ಬೀಗ ಹಾಕಿ, ಚಾವಿಯನ್ನು ಹಿಡಿದುಕೊಂಡವರು ಮಾತ್ರ 'ನಿಂತದ' ಎನ್ನಬೇಕೆಂದು ನಿಯಮವಾಯಿತು.

ಮಿಲ್ಲಿನಲ್ಲಿ ಮಾತ್ರ "ಕಂಪ್ಯೂಟರ್ ಕೈ ಕೊಟ್ಟಿತ್ತು" ಎಂದು ಮಾಲಕರು ಎಲ್ಲರಿಗೂ ಹೇಳುತ್ತಿದ್ದರು. ಕೈ ಕೊಡುವುದು ಎಂಬ ಮಾತು ಕೇಳಿದಾಗಲೆಲ್ಲ ನಾನು ಚಾಚಾನ ಬಲಗೈ ಕಡೆ ನೋಡುತ್ತಿದ್ದೆ. ರಾಶಿ ಹಿಗ್ಗಿಸಿದ್ದು ನಾನು, ನೋಡದೆ ನಿಂತದ ಎಂದದ್ದು ನಾನು. ಚಾಚಾ ಎಂದಿನಂತೆ ನಗುತ್ತ ನಮಸ್ಕಾರ ಹೇಳುತ್ತಿದ್ದರು. ಇನ್ನು ಮುಂದೆ ಇವರು ನನ್ನ ಮಾತಿನ ಮೇಲೆ ಕೈ ಹಾಕುತ್ತಾರೆಯೇ? ಕೇಳದೆ ಇರಲಾಗಲಿಲ್ಲ. ಒಂದು ಭಾನುವಾರ ಕಮಲಾಪುರದ ಬಸ್ಸು ಹತ್ತಿದೆ.

ಚಾಚಾನ ಮನೆಯ ಹಿಂದೆ ಕೆಂಪು ಬಾಳೆಯ ಒಂದು ಸಣ್ಣ ತೋಟವಿದೆ. ಅಲ್ಲಿ ಹೊರಸು ಹಾಕಿ ಕೂರಿಸಿದರು. ಚಾಚಿ ಚಹಾ ತಂದರು. ನಾನು ಅವ್ವನ ಕಸಬರಿಗೆಯಿಂದ ಹಿಡಿದು ರಾಶಿಯವರೆಗೆ ಎಲ್ಲ ಹೇಳಿ, "ತಪ್ಪು ಕಂಪ್ಯೂಟರಿಂದಲ್ಲ ಚಾಚಾ, ನಂದು" ಎಂದೆ.

"ಗೊತ್ತದ" ಎಂದರು ಚಾಚಾ, ಬಸಿಯಲ್ಲಿ ಚಹಾ ಸುರಿದುಕೊಳ್ಳುತ್ತ.

"ಯಾರು ಹೇಳಿದ್ರು?"

"ಯಾರ್ಯಾಕ ಹೇಳಬೇಕು? ಒದರಿದಾಕಿ ನೀನೇ ಅಲ್ಲ? ಕಂಪ್ಯೂಟರ್ ಏನು ಬಾಯಿ ತೆಗೆದು ಒದರಿತ್ತೇನು?"

ಮಿಲ್ಲಿನ 'ಮೇಡಂರೀ' ಇಲ್ಲಿ 'ನೀನು' ಆಗಿದ್ದು ನನಗೆ ಹಿತವೆನಿಸಿತು. ಚಾಚಿ ನಡುವೆ ಬಾಯಿ ಹಾಕಿದರು. "ಇವರ ಮಾತು ಬಿಡು ಬೇಟಿ. ಕೈ ಉಳೀತಂತ ಒಂದ್ ಮಾತು ಹೇಳಲಿಲ್ಲ. ಮನಿಗಿ ಬಂದು, ದಸ್ತಿ ಹೋಯ್ತು ಅಂತ ಅತ್ತಾರ. ಹೊಸಾದು, ಈದಿಗೆ ತಂದದ್ದು."

"ಛಲೋ ದಸ್ತಿ ಇತ್ತು" ಎಂದರು ಚಾಚಾ, ಗಂಭೀರವಾಗಿ.

"ಚಾಚಾ, ನಾ ನಿಂತದ ಅಂದೆ. ಆದ್ರೂ ದಸ್ತಿ ಯಾಕ ಹಾಕಿದ್ರಿ?"

ಅವರು ಬಸಿ ಕೆಳಗಿಟ್ಟರು. "ಸಿಟ್ಟಾಗಬ್ಯಾಡ. ಮಗ್ಗಲದಾಗಿಂದ ಬಂದ 'ನಿಂತದ' ಬ್ಯಾರೆ, ಆಫೀಸಿನ್ಯಾಗಿಂದ ಬಂದ 'ನಿಂತದ' ಬ್ಯಾರೆ. ಆಫೀಸಿಂದು ನಾ ಒಂದ್ ದಿನಾನೂ ನಂಬಿಲ್ಲ."

"ಒಂದ್ ದಿನಾನೂ?"

"ನೀ ಕಂಪ್ಯೂಟರ್ ಹಚ್ಚಿದ ದಿನದಿಂದ ದಿನಾ ದಸ್ತಿ ಹಾಕೇ ನೋಡೀನಿ. ನೀ ಖುಷಿ ಇದ್ದಿ, ಯಾಕ ಹೇಳಬೇಕು ಅಂತ ಸುಮ್ಮನಿದ್ದೆ."

ನನಗೆ ಅವಮಾನವೂ ಆಯಿತು, ಎದೆಯ ಮೇಲಿನ ಕಲ್ಲು ಸರಿದಂತೆಯೂ ಆಯಿತು. ಇಷ್ಟು ದಿನ ನಾನು ಗಾಜಿನ ಹಿಂದೆ ಕುಳಿತು ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದ ಕೈ, ನನ್ನನ್ನು ಲೆಕ್ಕಕ್ಕೇ ಹಿಡಿಯದೆ ತನ್ನನ್ನು ತಾನು ಕಾಪಾಡಿಕೊಂಡಿತ್ತು.

"ಇನ್ನ ಮುಂದ?" ಎಂದೆ.

"ಮಗ್ಗಲಕ್ಕ ಬಂದು ನಿಂದ್ರು. ಆಮ್ಯಾಗ ಹೇಳು. ನೋಡಮು."

ಹೊರಡುವಾಗ ಒಂದು ಚಿಪ್ಪು ಕೆಂಪು ಬಾಳೆಕಾಯಿ ಕೊಟ್ಟರು. ಮೂರು ದಿನ ಮುಟ್ಟಬೇಡ, ಹಣ್ಣಾಗಲಿ ಎಂದರು. ಬಸ್ಸಿನಲ್ಲೇ ಒಂದು ಸುಲಿದೆ. ಕಲಬುರಗಿ ಬರುವತನಕ ನಾಲಿಗೆಯೆಲ್ಲ ಒಗರು.

ಹತ್ತು ದಿನಗಳ ಮೇಲೆ ಮತ್ತೆ ಸುತಳಿ ಸಿಕ್ಕಿತು. ನಾನು ಮಹಡಿ ಇಳಿದು ಹೋದೆ. ಸ್ವಿಚ್ಚು ತಿರುಗಿಸಿದೆ, ಬೀಗ ಹಾಕಿದೆ, ಚಾವಿ ಮುಷ್ಟಿಯಲ್ಲಿ ಹಿಡಿದೆ. ಬಗ್ಗಿ, ಬ್ಯಾಟರಿಯ ಬೆಳಕು ಬಿಟ್ಟು ಒಳಗೆ ನೋಡಿದೆ. ಕಬ್ಬಿಣದ ಬಕೆಟ್ಟುಗಳು, ಹಳದಿಯಲ್ಲ, ಧೂಳಿನ ಬಣ್ಣದವು, ಒಂದರ ಮೇಲೊಂದು ಅಲುಗಾಡದೆ ಇದ್ದವು. ಚಾಚಾ ಬಾಗಿಲ ಮುಂದೆ ಕುಕ್ಕರಗಾಲಿನಲ್ಲಿ ಕೂತು ನನ್ನ ಮುಖ ನೋಡಿದರು.

"ನಿಂತದೇನು ಬೇಟಿ?"

ಇನ್ನೊಮ್ಮೆ ಒಳಗೆ ನೋಡಿದೆ. "ನಿಂತದ, ಚಾಚಾ."

ಅವರು ಬೇರೇನೂ ಮಾಡದೆ ಕೈಯನ್ನು ಮೊಣಕೈವರೆಗೆ ಒಳಗೆ ಹಾಕಿದರು.

ನಾನು ಎಣಿಸತೊಡಗಿದೆ. ಎಷ್ಟಕ್ಕೆ ಬಂದಿದ್ದೆನೋ, ಕೈ ಹೊರಗೆ ಬಂತು. ಸುತಳಿಯ ದೊಡ್ಡ ಗಂಟು, ತೊಗರಿಯ ಹೊಟ್ಟು, ಅದರ ನಡುವೆ ಐದೂ ಬೆರಳು. ಸುತಳಿಯನ್ನು ಪಕ್ಕಕ್ಕೆ ಎಸೆದು, ಬಾಗಿಲು ಹಾಕಿ, ಕೈ ಜಾಡಿಸಿಕೊಂಡು ಎದ್ದು ನಿಂತರು. ನನ್ನ ಮುಂದೆ ಅಂಗೈ ಚಾಚಿದರು. ನಾನು ನೋಡುತ್ತಲೇ ಇದ್ದೆ.

"ಬೇಟಿ, ಕೈ ಹೊರಗ ಬಂದದ" ಎಂದರು ಚಾಚಾ ಮೆಲ್ಲಗೆ. "ಇನ್ನ ಚಾವಿ ಬಿಡು. ಮಿಲ್ ಚಾಲೂ ಮಾಡಬೇಕು."